ಎಡಗೈ ಗಂಟು

ಹಳೆಯದೊಂದು ಗಿಟಾರ್ ಆಂಪ್ಲಿಫೈಯರ್ ನೋಡಿಕೊಂಡು ಬರುತ್ತೇನೆಂದು ಹೋಗಿದ್ದ ಗುಬ್ಬಿ ವಾಪಸ್ಸು ಬಂದಾಗ ಅವಳ ಮುಖ ಸುಟ್ಟ ಫ್ಯೂಸಿನ ಹಾಗಾಗಿತ್ತು. ಚಪ್ಪಲಿಯನ್ನೂ ಬಿಡಲಿಲ್ಲ.

"ದೊಡ್ಡಮ್ಮಾ, ನಿನ್ನ ಅಕ್ಷರ ಆ ಅಂಗಡಿ ಗೋಡೆ ಮೇಲೆ ಯಾಕಿದೆ?"

ಗಂಟಕ್ಕ ತಲೆ ಎತ್ತಲಿಲ್ಲ. ಅವಳ ಮುಂದೆ ಯಾರದೋ ಮನೆಯ ಮಿಕ್ಸಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಬೀದಿಯಲ್ಲಿ ಏನು ಕೆಟ್ಟರೂ ಮೊದಲು ಅಲ್ಲಿಗೆ ಬರುತ್ತಿತ್ತು.

"ಗೋಡೆ ಮೇಲೆ ಬರೆಯೋಕೆ ನಾನೇನು ಚುನಾವಣೆಗೆ ನಿಂತಿದೀನೇನೇ?"

"ತಮಾಷೆ ಬೇಡ. ನೋಡು ಇಲ್ಲಿ."

ಗುಬ್ಬಿ ಮೊಬೈಲು ಮುಂದೆ ಹಿಡಿದಳು. ಗಾಜು ಹಾಕಿದ ಚೌಕಟ್ಟಿನೊಳಗೆ ಗೆರೆ ಎಳೆದ ಹಳದಿ ಹಾಳೆ. ನೀಲಿ ಶಾಯಿ. ಗಾಳಿಗೆ ಸಿಕ್ಕಿದ ಪೈರಿನಂತೆ ಎಡಕ್ಕೆ ವಾಲಿದ ಅಕ್ಷರ.

'ಏಳನೇ ಮೇಜಿನ ಕೆಲಸದವಳಾದ ನಾನು, ವಾಪಸ್ಸು ಬಂದ ನಲವತ್ತೂ ಪೆಟ್ಟಿಗೆಗಳ ದೋಷ ನನ್ನ ಕೈಯದೇ ಎಂದೂ, ಬೇರೆ ಯಾರದೂ ಅಲ್ಲವೆಂದೂ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುತ್ತೇನೆ.'

ಸಹಿಯ ಮೇಲೆ ಚೌಕಟ್ಟಿನ ಅಂಚು ಕೂತು ಹೆಸರು ಮುಚ್ಚಿಹೋಗಿತ್ತು. ಕೆಳಗೊಂದು ಅಚ್ಚು ಹಾಕಿಸಿದ ಚೀಟಿ: 'ಗುಣಮಟ್ಟದಲ್ಲಿ ನಾವು ರಾಜಿ ಮಾಡಿಕೊಂಡವರಲ್ಲ.'

ಗಂಟಕ್ಕ ಕೈ ಒರೆಸಿಕೊಂಡು ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. "ಚೌಕಟ್ಟು ಚೆನ್ನಾಗಿ ಹಾಕಿಸಿದಾನೆ," ಎಂದಳು.

ಮೂವತ್ತೊಂದು ವರ್ಷದ ಹಿಂದಿನ ಮಾತು. ಈಗ ಆ ಅಂಗಡಿ ಇಟ್ಟಿರುವವನಿಗೆ ಆಗ ಆಂಪ್ಲಿಫೈಯರ್ ಕಾರ್ಖಾನೆ ಇತ್ತು. ಅದರಲ್ಲಿ ಇಪ್ಪತ್ತೆರಡು ಹೆಂಗಸರು ಇಪ್ಪತ್ತೆರಡು ಮೇಜಿನ ಮುಂದೆ ಕೂತು ತಂತಿ ಬೆಸೆಯುತ್ತಿದ್ದರು. ಯಜಮಾನನಿಗೆ ಅವರಿಟ್ಟ ಹೆಸರು ಸಕ್ಕರೆಬಾಯಿ. 'ನಾವೆಲ್ಲ ಒಂದೇ ಮನೆಯವರು' ಎನ್ನುವುದು ಅವನ ದಿನನಿತ್ಯದ ಜಪ. ಆ ಮನೆಗೆ ಕಿಟಕಿ ಮಾತ್ರ ಇರಲಿಲ್ಲ. ಬೆಸುಗೆಯ ಹೊಗೆ ಒಳಗೇ ಸುತ್ತಿ ಸುತ್ತಿ ಸಂಜೆಯ ಹೊತ್ತಿಗೆ ಎಲ್ಲರ ಎದೆಯಲ್ಲಿ ಮನೆ ಮಾಡಿಕೊಳ್ಳುತ್ತಿತ್ತು. ಅವನಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಏಳನೇ ಮೇಜು, ಎಂಟನೇ ಮೇಜು, ಅಷ್ಟೇ.

ಆಂಪ್ಲಿಫೈಯರ್ ಪೆಟ್ಟಿಗೆಯೊಳಗಿನ ತಂತಿಗಳನ್ನೆಲ್ಲ ಒಟ್ಟುಮಾಡಿ ಮೇಣದ ದಾರದಿಂದ ಬಿಗಿಯುವಾಗ ಒಬ್ಬೊಬ್ಬರದು ಒಂದೊಂದು ಬಗೆಯ ಗಂಟು. ಏಳನೇ ಮೇಜಿನವಳು ಎಡಚಿ. ಅವಳ ಗಂಟು ಎಲ್ಲರ ಗಂಟಿಗೂ ತಿರುಗಾಮುರುಗಾ. ಎಡಕ್ಕೆ ಎರಡು ಸುತ್ತು, ದಾರದ ಬಾಲ ಮತ್ತೆ ಒಳಕ್ಕೆ. ಒಮ್ಮೆಯೂ ಸಡಿಲವಾದದ್ದಿಲ್ಲ. ಹೀಗಾಗಿ ಅವಳು ಗಂಟಕ್ಕ ಆದಳು. ಹುಟ್ಟುಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಒಳಗಿನ ಅರ್ತ್ ತಂತಿಗಳೆಲ್ಲ ಒಂದೇ ಒಂದು ಸ್ಕ್ರೂವಿಗೆ ಬಂದು ಸೇರಬೇಕು. ಆಗ ಪೆಟ್ಟಿಗೆ ಸುಮ್ಮನಿರುತ್ತದೆ. ನುಡಿಸಿದ್ದಷ್ಟೇ ಕೇಳುತ್ತದೆ. ಒಂದು ದಿನ ಸಕ್ಕರೆಬಾಯಿ ಕೈಯಲ್ಲಿ ಅಳತೆಪಟ್ಟಿ ಹಿಡಿದು ಬಂದ. ಅಷ್ಟು ದೂರ ಯಾಕೆ ಎಳೀತೀರಿ, ಹತ್ತಿರದ ಸ್ಕ್ರೂವಿಗೇ ಹಾಕಿ ಮುಗಿಸಿ, ಪೆಟ್ಟಿಗೆಗೆ ಒಂದೂವರೆ ಗೇಣು ತಂತಿ ಉಳಿಯುತ್ತೆ ಎಂದ.

"ಸಾರ್, ಹಾಗೆ ಮಾಡಿದ್ರೆ ಗುಂಯ್ ಅನ್ನುತ್ತೆ," ಎಂದಿದ್ದಳು ಗಂಟಕ್ಕ.

"ಅನ್ನಲಿ ಬಿಡಮ್ಮ. ಗಿಟಾರು ಅದಕ್ಕಿಂತ ಜೋರಾಗಿ ಅನ್ನುತ್ತಲ್ಲ!"

ಯಜಮಾನ ನಕ್ಕಿದ್ದಕ್ಕೆ ಎಲ್ಲರೂ ನಕ್ಕರು. ಹೊಟ್ಟೆಪಾಡಿನ ನಗೆ. ಆ ಸಲದ ನಲವತ್ತು ಪೆಟ್ಟಿಗೆ ಏಳನೇ ಮೇಜಿಗೆ ಬಂದಿದ್ದವು. ಹೇಳಿದಂತೆ ಮಾಡಿದಳು. ನಲವತ್ತು ಹೋದವು, ನಲವತ್ತೂ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತ ಹಿಂದಿರುಗಿದವು. ಸಕ್ಕರೆಬಾಯಿ ಹಾಳೆ, ಪೆನ್ನು ತಂದು ಅವಳ ಮುಂದಿಟ್ಟ. ಒಂದೊಂದು ಪದವನ್ನೂ ಅವನೇ ಹೇಳಿ ಬರೆಸಿದ. 'ಯಾರ ಒತ್ತಾಯವೂ ಇಲ್ಲದೆ' ಎಂಬುದನ್ನು ಎರಡು ಸಲ ಹೇಳಿದ.

"ಯಾಕೆ ಬರೆದುಕೊಟ್ಟೆ?" ಗುಬ್ಬಿ ಕೇಳಿದಳು.

"ಎಂಟನೇ ಮೇಜು ನಿಮ್ಮಮ್ಮಂದು ಕಣೇ. ಬರೀದಿದ್ರೆ ಇಬ್ಬರೂ ಆಚೆ ಅಂದ. ಬರೆದೆ. ನನ್ನನ್ನ ಅವತ್ತೇ ಕಳಿಸಿದ, ನಾಲ್ಕು ತಿಂಗಳಿಗೆ ಅವಳನ್ನೂ ಆಚೆ ಹಾಕಿದ. ಆ ಕಾಗದದ ನಕಲು ನನಗಿಂತ ಮೊದಲು ಎಲ್ಲಾ ಕಾರ್ಖಾನೆ ಗೇಟಿಗೂ ಹೋಗಿ ಕೂತಿತ್ತು. ಎಲ್ಲಿ ಹೋದ್ರೂ 'ಓ, ಆ ನಲವತ್ತು ಪೆಟ್ಟಿಗೆಯವಳಾ?'"

ಹೇಳುತ್ತ ಹೇಳುತ್ತ ಅವಳು ಮಿಕ್ಸಿಯ ಸ್ಕ್ರೂ ಬಿಗಿಯುತ್ತಿದ್ದಳು. ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದಳು. ಕೊನೆಗೆ ಸ್ಕ್ರೂವಿನ ತಲೆಯೇ ಕಿತ್ತುಬಂತು.

"ಹೋಗಲಿ, ನಿನಗೆ ಆಂಪ್ ಸಿಕ್ತಾ?"

ಗುಬ್ಬಿ ಬೆರಳಿನಲ್ಲಿ ಮೀಟಿ ನುಡಿಸುವವಳು. ಎರಡು ಶಾಲೆಗಳಲ್ಲಿ ಗಿಟಾರ್ ಪಾಠ, ವಾರಕ್ಕೊಮ್ಮೆ ಸಣ್ಣ ಸಭಾಂಗಣದಲ್ಲಿ ಕಛೇರಿ. ಅವಳಿಗೆ ಬೇಕಾದದ್ದು ಒಡಕಿಲ್ಲದ, ತಿಳಿನೀರಿನಂಥ ದನಿ. ಕ್ಲೀನ್ ಟೋನ್ ಕ್ಲೀನ್ ಟೋನ್ ಎಂದು ಆರು ತಿಂಗಳಿಂದ ಮನೆಯವರ ತಲೆ ತಿಂದಿದ್ದಳು.

"ಚೆನ್ನಾಗಿರೋದೆಲ್ಲ ಕೈಗೆಟುಕಲ್ಲ. ನಿಮ್ಮ ಕಾರ್ಖಾನೆ ಮುಚ್ಚಿದ ಮೇಲೆ ಆ ಪೆಟ್ಟಿಗೆಗಳಿಗೆ ಬಂಗಾರದ ಬೆಲೆ ಬಂದಿದೆ. ಮೂಲೇಲಿ ಒಂದು ಅಗ್ಗದ್ದಿದೆ, ಆದ್ರೆ ಗುಂಯ್ ಅನ್ನುತ್ತೆ. ಅವನೇ ತಗೋಬೇಡ ಅಂದ."

ಗಂಟಕ್ಕನ ಕೈ ನಿಂತಿತು. "ಅದರ ಬಟನ್ನಿನ ಮೇಲೆ ಬಿಳಿ ಚುಕ್ಕೆ ಇದೆಯೋ, ಕೆಂಪು ಚುಕ್ಕೆಯೋ?"

"ಕೆಂಪು."

"ಆ ನಲವತ್ತರ ಸಲ ಬಿಳಿ ಬಣ್ಣ ಮುಗಿದಿತ್ತು," ಎಂದಳು ಗಂಟಕ್ಕ, ತನಗೆ ತಾನೇ ಹೇಳಿಕೊಂಡಂತೆ. "ನಾಳೆ ಬೆಳಿಗ್ಗೆ ಹೋಗೋಣ. ಆ ಕಾಗದ ಗೋಡೆಯಿಂದ ಇಳೀಬೇಕು. ಅವನ ಕೈಯಿಂದಲೇ ಇಳೀಬೇಕು."

"ದೊಡ್ಡಮ್ಮಾ, ಒಂದು ಮಾತು. ನನಗೆ ಬೇಕಾಗಿರೋದು ಟೋನು, ನಿನಗೆ ಬೇಕಾಗಿರೋದು ಸೇಡು. ನನ್ನ ದುಡ್ಡಿನಲ್ಲಿ ಎರಡೂ ಬರುತ್ತಾ?"

"ಒಂದೇ ಪೆಟ್ಟಿಗೇಲಿ ಬರುತ್ತೆ. ಬೆಸುಗೆ ಕಡ್ಡಿ ಚೀಲಕ್ಕೆ ಹಾಕು."

ಅಂಗಡಿ ಎಂದರೆ ಅಂಗಡಿಯಲ್ಲ, ಅದೊಂದು ದರ್ಬಾರು. ನೆಲಕ್ಕೆ ಜಮಖಾನ, ಗೋಡೆಗೆ ಮೆತ್ತನೆಯ ದೀಪ, ಸಾಲಾಗಿ ಕೂತ ಹಳೆಯ ಪೆಟ್ಟಿಗೆಗಳು. ಕಿಟಕಿಗಳೂ ಇದ್ದವು, ದೊಡ್ಡ ದೊಡ್ಡವು. ಗಂಟಕ್ಕ ಮೊದಲು ಅವನ್ನೇ ಎಣಿಸಿದಳು. ಆರು. ಪೆಟ್ಟಿಗೆಗಳಿಗೆ ಉಸಿರಾಡಲು ಆರು ಕಿಟಕಿ.

ಸಕ್ಕರೆಬಾಯಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಯಿ ಹಾಗೇ ಇತ್ತು. "ಬನ್ನಿ ಅಮ್ಮ, ಬನ್ನಿ. ಮಗಳಿಗಾ? ನಿನ್ನೆ ಬಂದಿದ್ರಲ್ಲ. ನೋಡಿ, ಮುಟ್ಟಿ, ನುಡಿಸಿ. ಇದು ನಿಮ್ಮದೇ ಮನೆ ಅಂದ್ಕೊಳ್ಳಿ." ಅವಳ ಮುಖವನ್ನು ನೇರವಾಗಿ ನೋಡಿಯೇ ಹೇಳಿದ. ಕಣ್ಣಲ್ಲಿ ಏನೂ ಅಲುಗಲಿಲ್ಲ. ಆಗಲೂ ನೋಡದ ಮುಖ ಈಗ ಹೇಗೆ ನೆನಪಾದೀತು?

ಆಗಲೇ ಒಬ್ಬ ಗಿರಾಕಿ ಒಳಗಿದ್ದರು. ಹಲ್ಲಿನ ಡಾಕ್ಟರು. ರಜೆಯ ದಿನ ಗಿಟಾರು, ಉಳಿದ ದಿನ ಹಲ್ಲು ಎಂದು ಅವರೇ ಪರಿಚಯ ಹೇಳಿಕೊಂಡರು. ಎಲ್ಲಕ್ಕಿಂತ ದುಬಾರಿ ಪೆಟ್ಟಿಗೆಯಲ್ಲಿ ಎರಡು ಸ್ವರ ಮೀಟಿ, ಅದರ ಹಿಂದೆ ಹೋಗಿ ಮಂಡಿಯೂರಿ ಕೂತರು. ಅದರ ಬೆನ್ನಿಗೆ ಹಲಗೆಯ ಬದಲು ಗಾಜು, ಒಳಗೊಂದು ಪುಟ್ಟ ದೀಪ. ತಂತಿಗಳ ಕಟ್ಟು, ಅದರ ಮೇಲೆ ಮೇಣದ ದಾರದ ಗಂಟು, ಎಡಕ್ಕೆ ಎರಡು ಸುತ್ತು, ಬಾಲ ಒಳಕ್ಕೆ.

"ಅದು ನನ್ನ ಗುರುತು ಡಾಕ್ಟ್ರೇ," ಎನ್ನುತ್ತಿದ್ದ ಸಕ್ಕರೆಬಾಯಿ. "ಬಲ್ಲವರು ಆ ಗಂಟು ಹುಡುಕ್ಕೊಂಡು ಬರ್ತಾರೆ. ಬೇರೆಯವರ ಕೈಗೆ ಕೊಡದೆ ನಾನೇ ರಾತ್ರಿ ಹಗಲು ಕೂತು ಕಟ್ಟಿದ ಪೆಟ್ಟಿಗೆಗಳಿಗೆ ಮಾತ್ರ ಆ ಗಂಟು. ಅದಕ್ಕೇ ಈ ದನಿ."

ಗುಬ್ಬಿ ಗಕ್ಕನೆ ದೊಡ್ಡಮ್ಮನ ಕಡೆ ತಿರುಗಿದಳು. ಗಂಟಕ್ಕ ಅವಳ ಮೊಣಕೈ ಹಿಡಿದು ಒತ್ತಿದಳು. ಒಂದು ಕಾಗದ ಕೇಳಲು ಬಂದರೆ, ಕಳ್ಳ ತಾನಾಗಿ ಇನ್ನೊಂದು ಗಂಟನ್ನು ತಂದು ಎದುರಿಗಿಟ್ಟಿದ್ದ. ಇನ್ನು ಗಂಟಕ್ಕನಿಗೆ ಅವಸರವಿಲ್ಲ ಅನ್ನಿಸಿತು.

"ಮೊದಲು ಎಲ್ಲಾ ನೋಡು," ಎಂದಳು.

ಇಬ್ಬರೂ ಸಾಲಿನುದ್ದಕ್ಕೂ ನಡೆದರು. ಗಂಟಕ್ಕ ಪ್ರತಿಯೊಂದರ ಬೆನ್ನಿನ ಗಾಳಿಸಂದಿಗೂ ಮೂಗು ಹಿಡಿದಳು. ಒಂದರಲ್ಲಿ ಸುಟ್ಟ ವಾರ್ನಿಷ್ ವಾಸನೆ. "ಟ್ರಾನ್ಸ್‌ಫಾರ್ಮರ್ ಬೆಂದಿದೆ, ಬಿಡು." ಇನ್ನೊಂದರ ತಲೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದಳು. ಒಳಗಿನ ಗಾಜಿನ ವಾಲ್ವ್ ಗಂಟೆಯಂತೆ ಟಿಣ್ ಎಂದಿತು. "ವಾಲ್ವ್ ಮುದಿಯಾಗಿದೆ. ಬದಲಾಯಿಸಬಹುದು. ಆದ್ರೆ ಸ್ಪೀಕರ್ ಮೂಲದ್ದಲ್ಲ, ಎಲ್ಲಿಂದಲೋ ಕಿತ್ತು ಹಾಕಿದಾನೆ." ಮೂರನೆಯದರಲ್ಲಿ ಗುಬ್ಬಿ ನುಡಿಸಿದಳು. ದನಿಯ ಬಟನ್ನು ಮೂರರ ಗೆರೆ ದಾಟುವ ಮೊದಲೇ ಸ್ವರ ಒಡೆಯಿತು. "ಕೂಗೋರಿಗೆ ಚೆನ್ನ. ನಿನಗಲ್ಲ. ನಿನ್ನದು ಆರರ ತನಕ ತಿಳಿಯಾಗಿರಬೇಕು."

"ಅಮ್ಮಾವ್ರಿಗೆ ಬಹಳ ತಿಳಿದಿದೆ," ಎಂದು ಸಕ್ಕರೆಬಾಯಿ ನಕ್ಕ.

"ಮಿಕ್ಸಿ ರಿಪೇರಿ ಮಾಡ್ತೀನಿ ಸಾರ್. ಕರೆಂಟು ಎಲ್ಲಾ ಕಡೆ ಒಂದೇ ಅಲ್ವಾ."

ಮೂಲೆಯ ಪೆಟ್ಟಿಗೆಯ ಮುಂದೆ ಬಂದು ನಿಂತರು. ಕೆಂಪು ಚುಕ್ಕೆ. ಬಟ್ಟೆಯ ಹೊದಿಕೆ ಒಂದು ಕಡೆ ಹರಿದಿತ್ತು. ಸ್ವಿಚ್ಚು ಹಾಕಿದ್ದೇ ತಡ, ಗುಂಯ್. ಗಂಟಕ್ಕ ಸ್ಪೀಕರಿನ ಹಾಳೆಯನ್ನು ಮೆಲ್ಲಗೆ ಒತ್ತಿದಳು, ಕರಕರ ಇಲ್ಲ. ಬಟನ್ನು ತಿರುಗಿಸಿದಳು, ಗರಗರ ಸದ್ದಿಲ್ಲ. ಗುಬ್ಬಿ ಒಂದು ಸ್ವರ ಮೀಟಿದಳು. ಗುಂಯ್‌ಗುಡುವಿಕೆಯ ಹಿಂದೆ, ಕಸದಡಿಯ ಬಾವಿನೀರಿನ ಹಾಗೆ, ದನಿ ತಿಳಿಯಾಗಿ ನಿಂತಿತ್ತು. ಗುಬ್ಬಿಗೂ ಅದು ಕೇಳಿಸಿತು.

"ಇದನ್ನ ಕೊಡಿ ಸಾರ್."

"ಅಯ್ಯೋ, ಬೇಡ ಅಮ್ಮ. ನಿನ್ನೇನೇ ಹೇಳ್ದೆ ಮಗಳಿಗೆ. ಕೆಪಾಸಿಟರ್ ಬದಲಾಯಿಸಿ ಆಯ್ತು, ವಾಲ್ವ್ ಬದಲಾಯಿಸಿ ಆಯ್ತು, ಮೂರು ಮೆಕ್ಯಾನಿಕ್ ಬಂದು ಹೋದ್ರು. ಅದು ಹುಟ್ಟುರೋಗ. ಅಲ್ಲಿ ಗೋಡೆ ಮೇಲೆ ಕಾಗದ ಇದೆಯಲ್ಲ, ಆ ಹೆಂಗಸಿನ ಕೈ ಹಾಳು ಮಾಡಿದ ನಲವತ್ತರಲ್ಲಿ ಇದೊಂದು. ಇಂಥ ಕೈಗಳನ್ನ ಸಾಕಿ ಸಾಕಿ ಕಾರ್ಖಾನೆ ಮುಳುಗಿತು ನೋಡಿ."

"ಆದ್ರೂ ಕೊಡಿ. ಅಗ್ಗಕ್ಕೆ ಸಿಗುತ್ತಲ್ಲ."

ಡಾಕ್ಟರು ಎದ್ದು ಹೋಗಿ ಗೋಡೆಯ ಕಾಗದ ಓದಿ 'ಛೆ ಛೆ' ಎಂದರು. ಗುಬ್ಬಿ ಹಣ ಕೊಟ್ಟಳು. ಸಕ್ಕರೆಬಾಯಿ ರಸೀದಿ ಬರೆದು, 'ವಾಪಸ್ಸು ತೆಗೆದುಕೊಳ್ಳಲಾಗದು' ಎಂಬ ಮುದ್ರೆಯನ್ನು ಎರಡು ಸಲ ಒತ್ತಿದ. ಎಲ್ಲವನ್ನೂ ಎರಡು ಸಲ ಗಟ್ಟಿಮಾಡಿಕೊಳ್ಳುವ ಅವನ ಚಾಳಿ ಹೋಗಿರಲಿಲ್ಲ.

ಗಂಟಕ್ಕ ಚೀಲದಿಂದ ಬೆಸುಗೆ ಕಡ್ಡಿ ತೆಗೆದು ಪ್ಲಗ್ಗಿಗೆ ಸಿಕ್ಕಿಸಿದಳು. "ಈಗ ಇದು ನಮ್ಮದಾಯ್ತು. ನಿಮ್ಮ ಮೇಜಿನ ಮೇಲೆ ಒಂಚೂರು ಬಿಚ್ಚಿ ನೋಡ್ತೀನಿ."

"ಇಲ್ಲಿ ಯಾಕಮ್ಮ, ಮನೆಗೆ ತಗೊಂಡು ಹೋಗಿ..."

"ಬಿಚ್ಚಲಿ ಬಿಡಿ," ಎಂದರು ಡಾಕ್ಟರು. ಯಾರ ಬಾಯಿ ತೆರೆದರೂ ಒಳಗೆ ಇಣುಕುವುದು ಅವರ ಕಸುಬು. ಆಗಲೇ ಮೊಬೈಲಿನ ದೀಪ ಹಚ್ಚಿಕೊಂಡು ಪಕ್ಕದಲ್ಲಿ ಬಗ್ಗಿದ್ದರು.

"ಕೈ ಹಾಕಬೇಡಿ ಡಾಕ್ಟ್ರೇ. ಆರಿಸಿಟ್ರೂ ಇದರ ಹೊಟ್ಟೇಲಿ ಕರೆಂಟು ಕೂತಿರುತ್ತೆ. ಮುಟ್ಟಿದೋರನ್ನ ಒದೆಯುತ್ತೆ." ಕೂತ ಕರೆಂಟನ್ನು ಮೊದಲು ಇಳಿಸಿ, ತಂತಿ ಜೋಡಿಸಿದ್ದ ಒಳತಗಡನ್ನು ಹೊರಗೆಳೆದು ಬೋರಲು ಹಾಕಿದಳು.

ಮೂವತ್ತೊಂದು ವರ್ಷದ ಧೂಳು. ಅದರಡಿ ತಂತಿಗಳ ಕಟ್ಟು. ಕಟ್ಟಿನ ಮೇಲೆ ಗಂಟು.

"ಅರೆ," ಎಂದರು ಡಾಕ್ಟರು. ಎದ್ದು ಹೋಗಿ ಗಾಜಿನ ಪೆಟ್ಟಿಗೆ ನೋಡಿದರು. ಮತ್ತೆ ಬಂದು ಇದನ್ನು ನೋಡಿದರು. "ಎಡಕ್ಕೆ ಎರಡು ಸುತ್ತು. ಬಾಲ ಒಳಕ್ಕೆ. ಎರಡೂ ಒಂದೇ ಕೈ ಕೆಲಸ!"

ಸಕ್ಕರೆಬಾಯಿಯ ನಗೆ ಮುಖದ ಮೇಲೇ ಉಳಿಯಿತು, ಒಣಹಾಕಿ ಮರೆತ ಬಟ್ಟೆಯ ಹಾಗೆ.

ಗಂಟಕ್ಕ ಅದಾವುದನ್ನೂ ಕೇಳಿಸಿಕೊಳ್ಳದವಳಂತೆ ಕೆಲಸದಲ್ಲಿದ್ದಳು. ಐದು ಸ್ಕ್ರೂಗಳಿಗೆ ಚದುರಿದ್ದ ಅರ್ತ್ ತಂತಿಗಳನ್ನು ಒಂದೊಂದಾಗಿ ಬಿಡಿಸಿದಳು. ಹೊಸ ತಂತಿ ಜೋಡಿಸಿ ಎಲ್ಲವನ್ನೂ ಒಂದೇ ಸ್ಕ್ರೂವಿಗೆ ತಂದಳು. ಹೊಗೆ ಎದ್ದಿತು. ಆ ವಾಸನೆಗೆ ಅವಳ ಎದೆಯಲ್ಲಿ ಹಳೆಯ ಕೆಮ್ಮು ಎದ್ದು ನಿಂತಿತು. ಕೆಮ್ಮುತ್ತಲೇ ಎಡಗೈಯಲ್ಲಿ ಬೆಸೆದಳು.  ಆದದ್ದು ಇಪ್ಪತ್ತು ನಿಮಿಷ, ಹೋದದ್ದು ಒಂದೂವರೆ ಗೇಣು ತಂತಿ.

"ಹಾಕೇ ಗುಬ್ಬಿ ಸ್ವಿಚ್ಚು."

ಗುಬ್ಬಿ ಹಾಕಿದಳು. ಏನೂ ಕೇಳಿಸಲಿಲ್ಲ.

"ಕೆಟ್ಟು ಹೋಯ್ತಾ?" ಎಂದರು ಡಾಕ್ಟರು.

ಗುಬ್ಬಿ ಒಂದೇ ಒಂದು ಸ್ವರ ಮೀಟಿದಳು. ಅದು ಆರೂ ಕಿಟಕಿಗಳವರೆಗೆ ಹೋಗಿ ಮುಟ್ಟಿ, ಎಲ್ಲೂ ಒಡೆಯದೆ, ತೆಳ್ಳಗಾಗಿ ಆರಿತು. ಬಟನ್ನು ಆರಕ್ಕೆ ತಂದು ಇನ್ನೊಂದು ಮೀಟಿದಳು. ಗಾಜಿನ ಪೆಟ್ಟಿಗೆಯ ಮಹಾಶಯನ ದನಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಗಂಟಕ್ಕ ಕಡ್ಡಿಯನ್ನು ಕೆಳಗಿಟ್ಟಳು. "ಸಾರ್, ನಾನು ದಡ್ಡಿ, ಒಂದು ಅರ್ಥ ಆಗಲಿಲ್ಲ. ಆ ಗಂಟು ನಿಮ್ಮದು ಅಂದ್ರಿ. ಇದರೊಳಗೂ ಅದೇ ಗಂಟಿದೆ. ಹಾಗಾದ್ರೆ ಇದನ್ನ ಕಟ್ಟಿದ್ದೂ ನೀವೇ. ಆ ಕಾಗದ ಸುಳ್ಳು. ಅಲ್ಲ, ಇದು ಕಾಗದದ ಹೆಂಗಸೇ ಕಟ್ಟಿದ್ದು ಅಂದ್ರೆ, ಗಾಜಿನೊಳಗಿರೋದೂ ಅವಳೇ ಕಟ್ಟಿದ್ದು. ಯಾವುದು ಸರಿ? ನೀವೇ ಆರಿಸಿ."

ಡಾಕ್ಟರು ಜೇಬಿನಿಂದ ಕೈ ತೆಗೆಯದೆ ಕಾದರು. ಆ ಜೇಬಿನಲ್ಲಿ ಗಾಜಿನ ಪೆಟ್ಟಿಗೆಯ ಬೆಲೆ ಇತ್ತು.

ಸಕ್ಕರೆಬಾಯಿಯ ಕಣ್ಣು ಕಾಗದದ ಕಡೆ ಹೋಯಿತು. ಗಾಜಿನ ಕಡೆ ಹೋಯಿತು. ಜೇಬಿನ ಕಡೆ ಹೋಗಿ ಅಲ್ಲೇ ಉಳಿಯಿತು. ಅವನು ಯಾವುದನ್ನು ಆರಿಸುತ್ತಾನೆಂದು ಗಂಟಕ್ಕನಿಗೆ ಮೂವತ್ತೊಂದು ವರ್ಷದಿಂದ ಗೊತ್ತಿತ್ತು.

"ಗಂಟು ನನ್ನದೇ," ಎಂದ. "ವಯಸ್ಸಾಯ್ತು ನೋಡಿ, ಮರೆತುಬಿಟ್ಟಿದ್ದೆ. ಆ ಸಲ ಒಂದಷ್ಟು ನಾನೂ ಕಟ್ಟಿದ್ದೆ. ಹ್ಹೆ ಹ್ಹೆ. ಪಾಪ, ಆ ಹೆಂಗಸು ಯಾಕೆ ಹಾಗೆ ಬರೆದುಕೊಟ್ಲೋ."

"ಪಾಪ," ಎಂದಳು ಗಂಟಕ್ಕ. "ಹಾಗಾದ್ರೆ ಆ ಕಾಗದ ಇಳಿಸಿ, ಸರಿಯಾದ್ದನ್ನ ಬರೆದು ಹಾಕಿ. ಗುಣಮಟ್ಟದಲ್ಲಿ ರಾಜಿ ಇಲ್ಲ ಅಂತ ಕೆಳಗೆ ಬರೆದಿದೀರಲ್ಲ."

"ನ್ಯಾಯವಾದ ಮಾತು," ಎಂದರು ಡಾಕ್ಟರು.

ಸಕ್ಕರೆಬಾಯಿ ತಮಾಷೆಗೆಂಬಂತೆ ಚೌಕಟ್ಟು ಇಳಿಸಿ ತಂದ. ಹಾಳೆ ಎಳೆದುಕೊಂಡ. "ಏನಂತ ಬರೀಲಿ?"

ಗಂಟಕ್ಕ ಕಾಗದ ನೋಡದೆಯೇ ಹೇಳಿದಳು. "ಯಜಮಾನನಾದ ನಾನು. ವಾಪಸ್ಸು ಬಂದ ನಲವತ್ತೂ ಪೆಟ್ಟಿಗೆಗಳ ದೋಷ. ನನ್ನ ಕೈಯದೇ ಎಂದೂ. ಬೇರೆ ಯಾರದೂ ಅಲ್ಲವೆಂದೂ." ಅವನ ಪೆನ್ನು ನಿಧಾನವಾಯಿತು. "ಯಾರ ಒತ್ತಾಯವೂ ಇಲ್ಲದೆ. ಬರೆದ್ರಾ ಸಾರ್? ಯಾರ ಒತ್ತಾಯವೂ ಇಲ್ಲದೆ."

ಆಗ ಅವನು ತಲೆ ಎತ್ತಿದ. ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಎಡಗೈಯನ್ನು.

"ಏಳನೇ ಮೇಜು," ಎಂದ, ತುಟಿಯಲ್ಲೇ.

"ಸಹಿ ಮಾಡಿ ಸಾರ್. ಡಾಕ್ಟ್ರು ಕಾಯ್ತಿದಾರೆ."

ಮಾಡದಿದ್ದರೆ ಜೇಬು ಹೋಗುತ್ತಿತ್ತು. ಮಾಡಿದ. ಡಾಕ್ಟರು ಸಾಕ್ಷಿ ಹಾಕಿದರು. ಶಾಯಿ ಆರುವವರೆಗೆ ಗಂಟಕ್ಕ ಕಾದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಒಂದು ಗೇಣು ಮೇಣದ ದಾರ ತೆಗೆದು ಅವನ ಮುಂದಿಟ್ಟಳು.

"ಈಗ ನಿಮ್ಮ ಗಂಟು ಒಂದು ಹಾಕಿ ತೋರಿಸಿ. ಮಗಳು ನೋಡಿ ಕಲೀಲಿ."

"ಅದು... ಕೈ ನಡುಗುತ್ತಮ್ಮ ಈಗ."

"ನಿಧಾನವಾಗಿ ಹಾಕಿ," ಎಂದರು ಡಾಕ್ಟರು. "ನನಗೆ ಇವತ್ತು ರಜೆ."

ಅವನು ಹಾಕಿದ. ಬಲಕ್ಕೆ ಸುತ್ತಿದ. ಬಿಚ್ಚಿ ಮತ್ತೆ ಸುತ್ತಿದ, ಮತ್ತೆ ಬಲಕ್ಕೇ. ಕೊನೆಗೆ ಮೇಜಿನ ಮೇಲೆ ಬಿದ್ದದ್ದು ಬೂಟಿನ ಲಾಡಿಗೆ ಹಾಕುವ ಗಂಟು. ಗಂಟಕ್ಕ ದಾರ ಎತ್ತಿಕೊಂಡಳು. ಎಡಗೈಯ ಮೂರು ಬೆರಳು ಆಡಿದವು, ಅಷ್ಟೇ. ಗಂಟನ್ನು ಗಾಜಿನ ಪೆಟ್ಟಿಗೆಯ ತಲೆಯ ಮೇಲೆ ಇಟ್ಟಳು, ಒಳಗಿನದಕ್ಕೆ ನೇರ ಮೇಲೆ.

ಡಾಕ್ಟರು ಜೇಬಿನಿಂದ ಕೈ ತೆಗೆದರು, ಬರಿಗೈ. "ಮತ್ತೆ ಬರ್ತೀನಿ," ಎಂದರು. ತಮ್ಮ ಕುರ್ಚಿಯಿಂದ ತಪ್ಪಿಸಿಕೊಳ್ಳುವ ಎಷ್ಟೋ ರೋಗಿಗಳು ಹೇಳುವ ಅದೇ ದನಿಯಲ್ಲಿ ಹೇಳಿ ಹೋದರು.

ಬಾಗಿಲು ಮುಚ್ಚಿಕೊಂಡಿತು. ಸಕ್ಕರೆಬಾಯಿಯ ಬಾಯಿಗೆ ಸಕ್ಕರೆ ವಾಪಸ್ಸು ಬಂತು. "ನೋಡಮ್ಮ, ಹಳೇದನ್ನ ಕೆದಕಿ ಏನು ಬಂತು? ನಿನ್ನ ಹೆಸರಲ್ಲೇ ಒಂದು ಚೀಟಿ ಹಾಕಿಸ್ತೀನಿ. ಇಲ್ಲೇ ಬಂದು ಕೂತು ಕೆಲಸ ಮಾಡು ಬೇಕಾದ್ರೆ. ಎಷ್ಟಾದರೂ ನಾವೆಲ್ಲ ಒಂದೇ ಮನೆಯವರು."

"ಚೌಕಟ್ಟಿಗೆ ಹಾಕಿ ಸಾರ್, ನಿಮ್ಮ ಕಾಗದಾನ."

"ಅದೀಗ..."

"ಅದೇ ಚೌಕಟ್ಟು. ಅದೇ ಮೊಳೆ. ಸಹಿ ಕಾಣೋ ಹಾಗೆ."

ಗುಬ್ಬಿ ಮೊಬೈಲು ಎತ್ತಿ ಹಿಡಿದಿದ್ದಳು. ಅದರಲ್ಲಿ ಹಳೆಯ ಕಾಗದವೂ ಇತ್ತು, ಹೊಸದೂ ಇತ್ತು, ಬೂಟಿನ ಗಂಟೂ ಇತ್ತು. ಅವನು ಚೌಕಟ್ಟು ಬಿಚ್ಚಿದ, ಹಾಕಿದ, ಮೊಳೆಗೆ ತೂಗುಹಾಕಿದ. ಗಂಟಕ್ಕ ದೂರ ನಿಂತು, "ಎಡಕ್ಕೆ ವಾಲಿದೆ, ನೆಟ್ಟಗೆ ಮಾಡಿ," ಎಂದಳು. ಮಾಡಿದ. ತನ್ನ ಹಳದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಪೆಟ್ಟಿಗೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಬೀದಿಗಿಳಿದರು. ಬಿಸಿಲು ನೆತ್ತಿಗೆ ಬಂದಿತ್ತು. ಭಾರವಾದ ಪೆಟ್ಟಿಗೆ, ಎರಡು ಕಂಬಕ್ಕೊಮ್ಮೆ ಕೆಳಗಿಟ್ಟು ಕೈ ಬದಲಾಯಿಸಬೇಕಿತ್ತು.

"ಅಂತೂ ಸಮಾಧಾನ ಆಯ್ತಾ ದೊಡ್ಡಮ್ಮ?"

"ಇಲ್ಲ."

"ಇನ್ನೇನು ಉಳೀತು?"

"ಅಲ್ಲಿರೋ ಪೆಟ್ಟಿಗೇಲೆಲ್ಲಾ ನನ್ನ ಗಂಟೇ ಇದೆ ಅಂದ್ಕೊಂಡೆಯಾ? ವಾಸನೆ ನೋಡೋ ನೆಪದಲ್ಲಿ ಸಂದಿಯೊಳಗೆ ಎಲ್ಲರ ಗಂಟೂ ನೋಡ್ಕೊಂಡು ಬಂದೆ. ಒಂಬತ್ತನೇ ಮೇಜಿನವಳದು ಮೂರಿದೆ. ಹದಿನಾಲ್ಕನೇ ಮೇಜಿನವಳಿಗೆ ಕಣ್ಣು ಕಾಣಲ್ಲ, ಆದ್ರೆ ಅವಳ ಗಂಟು ಅವಳು ಮುಟ್ಟಿದ್ರೆ ಗೊತ್ತಾಗುತ್ತೆ. ಇನ್ನೂ ಹದಿನೇಳು ಜನ ಬದುಕಿದೀವಿ ಕಣೇ. ಒಬ್ಬೊಬ್ಬರಾಗಿ ಹೋಗ್ತೀವಿ, ಆಂಪ್ಲಿಫೈಯರ್ ನೋಡೋಕೆ. ಗಿರಾಕಿ ಇರೋ ಹೊತ್ತು ನೋಡ್ಕೊಂಡೇ ಹೋಗ್ತೀವಿ."

ಗುಬ್ಬಿ ನಗಲು ಹೋದವಳು ದೊಡ್ಡಮ್ಮನ ಮುಖ ನೋಡಿ ನಿಲ್ಲಿಸಿದಳು.

"ಮೊದಲು ಯಾರು?"

ಗಂಟಕ್ಕ ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು. "ಎಂಟನೇ ಮೇಜು. ನಿಮ್ಮಮ್ಮಂಗೆ ಬುಧವಾರ ಬಿಡುವಿದೆಯಾ ಕೇಳು. ಎತ್ತು, ಎತ್ತು."